ಹನ್ನೊಂದು ಅಪ್ಪಣೆ

"ಹೋದ ವರ್ಷವೂ ಹೀಗೇ ಅಂದಿರಿ, ಸಂಯುಕ್ತಾ. ಮುಂದಿನ ಭಾನುವಾರದೊಳಗೆ ಸ್ಕ್ರಿಪ್ಟು ಕೈಗೆ ಬರಲಿಲ್ಲ ಅಂದ್ರೆ ನಿಮ್ಮ ಹದಿನೈದು ನಿಮಿಷಾನ ಅಂತ್ಯಾಕ್ಷರಿಗೆ ಕೊಟ್ಟುಬಿಡ್ತೀನಿ. ಬೇಜಾರು ಮಾಡ್ಕೋಬೇಡಿ ಅಮ್ಮ."

ಸರಟೋಗಾದ ಶೇಷಾದ್ರಿಯವರು ಇಷ್ಟು ಹೇಳಿ ಫೋನಿಟ್ಟರು. ಅದು ಎರಡು ಸಾವಿರದ ಇಸವಿಯ ಫೆಬ್ರವರಿ ಕೊನೆ. ಬೇ ಏರಿಯಾದ ಕನ್ನಡದವರೆಲ್ಲ ಸೇರಿ ಮಾಡುವ ಯುಗಾದಿ ಕಾರ್ಯಕ್ರಮಕ್ಕೆ ಇನ್ನು ಆರು ವಾರ ಉಳಿದಿತ್ತು. ಶೇಷಾದ್ರಿಯವರು ಅದರ ಸಾಂಸ್ಕೃತಿಕ ಸಮಿತಿಯ ಮುಖ್ಯಸ್ಥರು. ಹಾಡಾಗಲಿ ನಾಟಕವಾಗಲಿ ಮೊದಲು ಬರೆದುಕೊಡಬೇಕು, ಆಮೇಲೆ ಅವರ ಮನೆಗೆ ಹೋಗಿ ಮಾಡಿ ತೋರಿಸಬೇಕು, ಒಂದು ಪುಟಕ್ಕೆ ಎರಡು ನಿಮಿಷ ಎಂಬ ನಿಯಮ ತಂದವರು ಅವರೇ. ಹೋದ ವರ್ಷ ನಾನು ಏಕಪಾತ್ರಾಭಿನಯ ಮಾಡುತ್ತೇನೆಂದು ಹೆಸರು ಕೊಟ್ಟು, ಸ್ಕ್ರಿಪ್ಟು ಸಿಗದೆ ಕೈಬಿಟ್ಟಿದ್ದೆ. ಕಾರ್ಯಕ್ರಮದ ದಿನ ನಾನು ಸಭಿಕರ ನಡುವೆ ಕೂತು, ನನ್ನದಾಗಬೇಕಿದ್ದ ಹೊತ್ತಿನಲ್ಲಿ ಯಾರೋ 'ಮ' ಅಕ್ಷರದಿಂದ ಹಾಡು ಹುಡುಕುತ್ತಿದ್ದುದನ್ನು ನೋಡಿದ್ದೆ.

ಈ ಸಲ ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ. ಮೈಸೂರಿನಲ್ಲಿ ಸ್ಟೇಜು ಹತ್ತಿ ಬೆಳೆದವಳು ನಾನು. ಮದುವೆಯಾಗಿ ಸ್ಯಾನ್ ಹೊಸೆಗೆ ಬಂದು ಎರಡು ವರ್ಷವಾಗಿತ್ತು. ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿರಲಿಲ್ಲ. ಗಂಡ ಅಭಿರಾಮ್ ಬೆಳಿಗ್ಗೆ ಎಂಟಕ್ಕೆ ಸ್ಟಾರ್ಟಪ್ಪಿಗೆ ಹೋದರೆ ರಾತ್ರಿ ಊಟದ ಹೊತ್ತಿಗೂ ಬರುವುದು ಖಾತ್ರಿಯಿರಲಿಲ್ಲ. ಒಂದು ದಿನ ಹಾಲು ಉಕ್ಕಿದಾಗ "ಅಯ್ಯೋ" ಎಂದು ಕೂಗಿಕೊಂಡೆ. ಆಗ ಹೊಳೆಯಿತು, ಆ ವಾರದಲ್ಲಿ ನನ್ನ ದನಿ ಜೋರಾಗಿ ಹೊರಟದ್ದು ಅದೊಂದೇ ಸಲ.

ಸ್ಕ್ರಿಪ್ಟು ಹುಡುಕುವುದೆಂದರೆ ಅಜ್ಜಿಯ ಕಥೆಗಳಲ್ಲಿ ರಾಜಕುಮಾರ ರಾಕ್ಷಸನ ಪ್ರಾಣ ಇರುವ ಗಿಳಿಯನ್ನು ಹುಡುಕಿ ಹೊರಟ ಹಾಗೆ. ಏಳು ಸಮುದ್ರ ದಾಟಬೇಕು, ಗುಹೆ ಹೊಗಬೇಕು, ಕೊನೆಗೆ ಪಂಜರ ತೆರೆದರೆ ಒಳಗೆ ಕಾಗೆ. ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಇಂಗ್ಲಿಷಿನ ಮಾನಲಾಗುಗಳು ರಾಶಿ ಸಿಕ್ಕವು. ಒಂದರಲ್ಲಿ ಒಬ್ಬಳು ತನ್ನ ಡೈವೋರ್ಸಿನ ಬಗ್ಗೆ ಡಾಕ್ಟರ ಹತ್ತಿರ ಹೇಳಿಕೊಳ್ಳುತ್ತಾಳೆ. ಕನ್ನಡಕ್ಕೆ ತಿರುಗಿಸಿ ಅಭಿರಾಮ್‌ಗೆ ಓದಿ ತೋರಿಸಿದೆ. "ಇಷ್ಟೆಲ್ಲಾ ಡಾಕ್ಟ್ರ ಹತ್ರ ಹೇಳ್ತಾಳಾ? ಅವಳಿಗೆ ಅಕ್ಕತಂಗಿಯರು ಇಲ್ವಾ?" ಎಂದ. ಅಲ್ಲಿಗೆ ಅದು ಮುಗಿಯಿತು.

ಬೆಂಗಳೂರಿನಲ್ಲಿದ್ದ ನನ್ನ ಗೆಳತಿ ನಿರುಪಮಾ ಒಂದು ಸ್ಕ್ರಿಪ್ಟನ್ನು ಟೈಪು ಮಾಡಿ ಈಮೇಲಿನಲ್ಲಿ ಕಳಿಸಿದಳು. ಅವಳ ಫಾಂಟು ನನ್ನ ಕಂಪ್ಯೂಟರಿನಲ್ಲಿ ಇರಲಿಲ್ಲ. ತೆರೆದರೆ ಟೋಪಿ ಹಾಕಿಕೊಂಡ 'ಎ', ಬಾಲ ಬಂದ 'ಸಿ', ನಡುನಡುವೆ ಪೌಂಡಿನ ಗುರುತು. ಮೂರು ಪುಟ ತುಂಬ ಹೀಗೇ, ಯಾರೋ ಇರುವೆಗಳಿಗೆ ಮಸಿ ಕುಡಿಸಿ ನಡೆಯಲು ಬಿಟ್ಟಂತೆ. ಕೊನೆಗೆ ಅವಳೇ ಫೋನಿನಲ್ಲಿ ಓದುತ್ತ ಹೋದಳು, ನಾನು ಬರೆದುಕೊಳ್ಳುತ್ತ ಹೋದೆ. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಗೊತ್ತಾಯಿತು, ಅದು ಕುಡುಕನ ಪಾತ್ರ. ನಮ್ಮ ಕಾಲೇಜು ಸ್ಪರ್ಧೆಗಳಲ್ಲಿ ಏಕಪಾತ್ರಾಭಿನಯ ಎಂದರೆ ಮೂರೇ: ಒಬ್ಬ ಕುಡುಕ, ಒಬ್ಬ ಹುಚ್ಚ, ವಿಷ ಕುಡಿದು ಸಾಯುತ್ತ ಹತ್ತು ನಿಮಿಷ ಮಾತಾಡುವ ಒಬ್ಬಳು. "ಫೋನ್ ಕಾರ್ಡಿನ ದುಡ್ಡು ಮುಗೀತಾ ಬಂತು ನಿರೂ" ಎಂದು ಸುಳ್ಳು ಹೇಳಿ ಫೋನಿಟ್ಟೆ.

ಇದನ್ನೆಲ್ಲ ಕೇಳಿಸಿಕೊಂಡವಳು ಶೈಲಜಾ. ನಮ್ಮದೇ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯವಳು, ಗದಗದ ಕಡೆಯವಳು. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಅವಳಿಗೆ ಕೆಲಸ. ಡಿಸೆಂಬರಿನಿಂದ ಅವಳ ತಾಯಿ ಕಾಶವ್ವ ಬಂದು ಅವಳ ಜೊತೆಗಿದ್ದರು. ಮಾರ್ಚ್ ಕೊನೆಗೆ ವಾಪಸು ಹೋಗುವವರಿದ್ದರು. ಮೆಟ್ಟಿಲಿನ ಹತ್ತಿರ ಸಿಕ್ಕಾಗ ಒಂದು ನಗೆ, ಒಂದು ನಮಸ್ಕಾರ, ಅಷ್ಟೇ ನನ್ನ ಅವರ ಪರಿಚಯ.

"ಸಂಯುಕ್ತಾ, ನಮ್ಮವ್ವನ ಹತ್ರ ಒಂದು ನೋಟ್‌ಬುಕ್ ಇದೆ ಕಣೇ," ಎಂದಳು ಶೈಲಜಾ. "ಅವ್ವ ಮೊದಲು ನಾಟಕದ ಕಂಪನೀಲಿ ಇದ್ದಳು. ನಾನು ಹಾಸ್ಟೆಲಿನಲ್ಲಿ ಬೆಳೆದೋಳು, ಒಂದೂ ನೋಡಿಲ್ಲ. ಆದ್ರೆ ಆ ನೋಟ್‌ಬುಕ್ ಇಟ್ಕೊಂಡು ದಿನಾ ಮಧ್ಯಾಹ್ನ ಒಬ್ಬಳೇ ಗೋಡೆ ಜೊತೆ ಮಾತಾಡ್ತಿರ್ತಾಳೆ. ಒಬ್ಬರೇ ಮಾತಾಡೋದು ತಾನೇ ನಿಂಗೆ ಬೇಕಾಗಿರೋದು?"

ಆ ಸಂಜೆಯೇ ನೋಟ್‌ಬುಕ್ ತಂದುಕೊಟ್ಟಳು. ರಟ್ಟಿಗೆ ಹಳೆಯ ಕ್ಯಾಲೆಂಡರಿನ ಹಾಳೆಯ ಹೊದಿಕೆ. ಒಳಗೆ ದಪ್ಪ ದುಂಡು ಅಕ್ಷರ. ಗುರುತಿಗೆ ದಾರ ಇಟ್ಟಿದ್ದ ಪುಟವನ್ನು ತೆರೆದೆ.

…… ದೀಪ ತಾ.
ಅಪ್ಪಣೆ, ತಾಯಿ.
…… ಬಾಗಿಲು ಹಾಕು.
ಅಪ್ಪಣೆ, ತಾಯಿ.
…… ನನ್ನ ಕಣ್ಣೆದುರು ನಿಲ್ಲಬೇಡ.
ಅಪ್ಪಣೆ, ತಾಯಿ.

ಹೀಗೇ ಒಂದೂವರೆ ಪುಟ. ಒಟ್ಟು ಹನ್ನೊಂದು ಸಲ 'ಅಪ್ಪಣೆ, ತಾಯಿ'. ಹತ್ತನೆಯದಕ್ಕೂ ಹನ್ನೊಂದನೆಯದಕ್ಕೂ ನಡುವೆ ಒಂದೇ ಒಂದು ಬೇರೆ ಸಾಲು: 'ಮಗು ಅಳಲಿಲ್ಲ, ತಾಯಿ.'

ನನಗೆ ಮೈ ಜುಮ್ಮೆಂದಿತು. ಎಂಥ ಬರಹಗಾರ ಇವನು! ಎದುರಿನವರ ಮಾತನ್ನೆಲ್ಲ ಚುಕ್ಕೆಗಳಲ್ಲಿ ಮುಳುಗಿಸಿ, ಕೊನೆಯ ಎರಡು ಮೂರು ಪದ ಮಾತ್ರ ನೀರಿನ ಮೇಲೆ ತೇಲಿಬಿಟ್ಟಿದ್ದಾನೆ. ಇಷ್ಟು ಹೊಸ ಬಗೆಯ ಬರವಣಿಗೆ ಗದಗದ ನಾಟಕದ ಟೆಂಟಿನಲ್ಲಿ ಆಡುತ್ತಿತ್ತೇ? ಅಭಿರಾಮ್‌ಗೆ ತೋರಿಸಿದೆ. ಅವನು ಎರಡು ಸಲ ಓದಿ ತಲೆ ಕೆರೆದುಕೊಂಡ.

"ಇದು ಬೀಟಾ ವರ್ಷನ್ನಾ? ಅರ್ಧ ಡೇಟಾ ಬಂದೇ ಇಲ್ವಲ್ಲೇ."

"ನಿಂಗೆ ಅರ್ಥ ಆಗಲ್ಲ ಬಿಡು," ಎಂದೆ ನಾನು.

ಮರುದಿನ ಮಧ್ಯಾಹ್ನ ಕಾಶವ್ವನವರನ್ನು ಹುಡುಕಿಕೊಂಡು ಹೋದೆ. ಕೆಳಗಿನ ಲಾಂಡ್ರಿ ಕೋಣೆಯಲ್ಲಿದ್ದರು. ಇಳಕಲ್ ಸೀರೆಯ ಮೇಲೆ ಮಗಳ ಸ್ವೆಟರ್ ಹಾಕಿಕೊಂಡು, ಡ್ರೈಯರಿನಿಂದ ಬಿಸಿ ಬಿಸಿ ಬೆಡ್‌ಶೀಟು ತೆಗೆದು ಮಡಿಸುತ್ತಿದ್ದರು. ನಾನು ಒಂದೇ ಉಸಿರಿಗೆ ಶುರು ಮಾಡಿದೆ. "ಅಮ್ಮಾ, ಇದನ್ನ ಬರೆದೋರು ಯಾರು? ಈ ಚುಕ್ಕೆಗಳಲ್ಲಿ ಎಷ್ಟು ಅರ್ಥ ಇದೆ! ನನಗೆ ನಿದ್ದೇನೇ ಬರಲಿಲ್ಲ."

ಕಾಶವ್ವ ನನ್ನ ಮುಖ ನೋಡಿದರು, ನೋಟ್‌ಬುಕ್ ನೋಡಿದರು. ಆಮೇಲೆ ಬೆಡ್‌ಶೀಟನ್ನು ಬಾಯಿಗೆ ಒತ್ತಿಕೊಂಡು ನಗಲಾರಂಭಿಸಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು.

"ಯವ್ವಾ, ನಮ್ಮವ್ವಾ! ಚುಕ್ಕಿಯೊಳಗ ಅರ್ಥ ಇಲ್ಲವ್ವಾ, ರಾಣಿ ಮಾತು ಐತಿ. ಇದು ನಾಟಕ ಅಲ್ಲ, ನನ್ನ ಪಾರ್ಟು. ದಾಸಿ ಪಾರ್ಟು."

"ಪಾರ್ಟು ಅಂದ್ರೆ?"

"ಇಡೀ ನಾಟಕ ಮಾಲಕರ ಪೆಟ್ಟಿಗ್ಯಾಗ ಇರ್ತಿತ್ತು, ಕೀಲಿ ಹಾಕಿ. ನಮ್ಮ ಕೈಗೆ ಕೊಟ್ರ ಬ್ಯಾರೆ ಕಂಪನಿಗೆ ಹೋಗಿಬಿಡ್ತೈತಿ ಅಂತ ಅವರಿಗೆ ಅಂಜಿಕಿ. ಅದಕ್ಕ ನಮಗ ನಮ್ಮ ಮಾತಷ್ಟ ಬರ್ಕೊಳ್ಳಾಕ ಹೇಳ್ತಿದ್ರು. ಅದರ ಮುಂದ, ಎದುರಿನವರ ಮಾತಿನ ಬಾಲ. ಬಾಲ ಕಿವಿಗೆ ಬಿತ್ತಂದ್ರ ನಾವು ಬಾಯಿ ತೆಗೀಬೇಕು. 'ದೀಪ ತಾ' ಅನ್ನೋದು ಬಾಲವ್ವಾ! ನೀ ಬಾಲ ನೋಡಿ ಆನಿಗೆ ಕೈಮುಗದಿ!"

ಮತ್ತೆ ನಕ್ಕರು. ಮೂಲೆಯಲ್ಲಿ ಬಟ್ಟೆ ಹಾಕುತ್ತಿದ್ದ ಚೀನೀ ಅಜ್ಜಿಯೂ ಏನೆಂದು ತಿಳಿಯದೆ ಜೊತೆಗೆ ನಕ್ಕಳು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಭಾನುವಾರಕ್ಕೆ ನಾಲ್ಕೇ ದಿನ. ನನ್ನ ಗಿಳಿ ಮತ್ತೆ ಕಾಗೆಯಾಗಿತ್ತು.

"ಎಷ್ಟು ವರ್ಷ ಮಾಡಿದ್ರಿ ಇದನ್ನ?" ಎಂದೆ, ಏನಾದರೂ ಕೇಳಬೇಕಲ್ಲ ಎಂದು.

"ಹತ್ತೊಂಬತ್ತು ವರ್ಷ. ನಾಟಕದ ಹೆಸರು ಊರಿಂದ ಊರಿಗೆ ಬದಲಾಗ್ತಿತ್ತು. ನನ್ನ ಪಾರ್ಟು ಬದಲಾಗಲಿಲ್ಲ. ರಾಣಿಯಾಗಾಕ ನನಗ ಬಣ್ಣ ಸಾಲದು ಅಂದ್ರು."

"ಹತ್ತೊಂಬತ್ತು ವರ್ಷ ದಿನಾ ಹನ್ನೊಂದು ಸಲ ಅದೇ ಮಾತು! ಬೇಜಾರಾಗ್ತಿರಲಿಲ್ವಾ?"

ಕಾಶವ್ವನ ನಗು ನಿಂತಿತು. ಬೆಡ್‌ಶೀಟು ಕೆಳಗಿಟ್ಟರು.

"ಅದ ಮಾತು ಅಂತ ಯಾರು ಹೇಳಿದ್ರು ನಿನಗ?"

ಆಮೇಲೆ ನಡೆದದ್ದನ್ನು ಹೇಗೆ ಬರೆಯಲಿ? ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನಾಣ್ಯ ಹಾಕಿದರೆ ಸೋಪಿನ ಡಬ್ಬಿ ಕೊಡುವ ಯಂತ್ರದ ಕಡೆಗೆ ತಿರುಗಿ ನಿಂತರು. ಅಲ್ಲಿ ಯಾರೋ ಎತ್ತರದ ಪೀಠದಲ್ಲಿ ಕೂತಿದ್ದಾರೆ ಎಂಬುದು ಅವರ ಕತ್ತು ಬಗ್ಗಿದ ರೀತಿಯಲ್ಲೇ ತಿಳಿಯಿತು. "ಅಪ್ಪಣೆ, ತಾಯಿ." ದೀಪ ತರಲು ಹೊರಟ ಹುಡುಗಿಯ ಮಾತು ಅದು, ಪಾದ ಆಗಲೇ ಬಾಗಿಲ ಕಡೆ ಹೊರಳಿತ್ತು. "ಅಪ್ಪಣೆ, ತಾಯಿ." ಈಗ ಬಾಗಿಲು ಹಾಕಬೇಕಾದವಳು, ಹಾಕಿದ ಮೇಲೆ ತಾನು ಒಳಗಿರಬೇಕೋ ಹೊರಗೋ ಎಂದು ತಿಳಿಯದವಳು. ಮೂರನೆಯದರಲ್ಲಿ ಕೆನ್ನೆಗೆ ಏಟು ಬಿದ್ದಿತ್ತು. ಏಟು ನನಗೆ ಕಾಣಲಿಲ್ಲ, ಬಿದ್ದ ಮೇಲೆ ಕಣ್ಣು ಪಿಳುಕಿದ್ದಷ್ಟೇ ಕಂಡದ್ದು. ಐದನೆಯದನ್ನು ನಗುತ್ತ ಹೇಳಿದರು. ರಾಣಿ ಏನೋ ತಮಾಷೆ ಮಾಡಿದ್ದಳು. ಎಂಟನೆಯದನ್ನು ಹೇಳುವಾಗ ಅವರ ಎರಡು ಕೈಗಳ ಮೇಲೆ ಏನೋ ಭಾರ ಬಂದು ಕೂತಿತು. ಕೈ ಖಾಲಿಯೇ ಇತ್ತು. ಆದರೂ ಮೊಣಕೈ ಸ್ವಲ್ಪ ಕುಸಿಯಿತು, ಎಡಗೈ ತಾನಾಗಿ ಒಂದು ಪುಟ್ಟ ಕತ್ತಿಗೆ ಆಸರೆ ಕೊಟ್ಟಿತು. ಚೀನೀ ಅಜ್ಜಿ ತನ್ನ ಯಂತ್ರಕ್ಕೆ ನಾಣ್ಯ ಹಾಕುವುದನ್ನು ನಿಲ್ಲಿಸಿ, ಸದ್ದು ಮಾಡದೆ ನಿಂತಿದ್ದಳು.

"ಮಗು ಅಳಲಿಲ್ಲ, ತಾಯಿ," ಎಂದರು ಕಾಶವ್ವ. ಕೈ ಈಗ ಹಗುರವಾಗಿತ್ತು.

ನಾನು ತಡೆಯಲಾರದೆ ಕೇಳಿದೆ. "ದಾಸಿ ಮಗೂನ ಏನು ಮಾಡಿದಳು?"

"ರಾಜಗ ಗಂಡು ಬೇಕಿತ್ತು. ಹೆಣ್ಣು ಹುಟ್ಟಿತು. ಹೊಳಿಗೆ ಬಿಟ್ಟು ಬಾ ಅಂತಾಳ ರಾಣಿ. ದಾಸಿ ಬಿಡೂದಿಲ್ಲ, ಕುಂಬಾರಕಿಗೆ ಕೊಟ್ಟು ಬರ್ತಾಳ. ಮುಂದ ನಾಕನೇ ಅಂಕದಾಗ ಆ ಹುಡುಗಿ ದೊಡ್ಡಾಕಿಯಾಗಿ ಬರ್ತಾಳ, ಅದು ಬ್ಯಾರೆ ಕಥಿ. ಆದ್ರ ಈ ಮಾತು ಹೇಳೋ ಹೊತ್ತಿಗೆ ರಾಣಿಗೆ ಗೊತ್ತಾಗಬಾರದು, ನೋಡೋ ಮಂದಿಗೂ ಗೊತ್ತಾಗಬಾರದು. ನಿನಗಷ್ಟ ಗೊತ್ತಿರಬೇಕು. ಗೊತ್ತಿಟ್ಕೊಂಡು ಸುಮ್ಮನಿರೋದು ಐತಲ್ಲ, ಅದ ಪಾರ್ಟು."

ನಾನು ಅಲ್ಲಿಯೇ ಅವರ ಕೈ ಹಿಡಿದುಕೊಂಡೆ. "ಅಮ್ಮಾ, ನನಗೆ ಇದೇ ಬೇಕು. ಕಲಿಸಿಕೊಡಿ."

"ದಾಸಿ ಪಾರ್ಟು ಯಾರು ನೋಡ್ತಾರವ್ವಾ? ಚಂದದ್ದು ಏನರ ಮಾಡು. ಅಮೇರಿಕಾಕ್ಕ ಬಂದು ದೀಪ ತರ್ತೀಯೇನು?"

"ನಾನು ನೋಡಿದೆನಲ್ಲ ಈಗ. ಅವರೂ ನೋಡಿದರು." ಚೀನೀ ಅಜ್ಜಿಯ ಕಡೆ ಕೈ ತೋರಿಸಿದೆ. ಆಕೆ ಎರಡೂ ಹೆಬ್ಬೆರಳು ಎತ್ತಿದಳು. ಕಾಶವ್ವ ಸೆರಗಿನಿಂದ ಮುಖ ಒರೆಸಿಕೊಂಡು, "ನಾಳೆ ಮುಂಜಾನೆ ಬಾ," ಎಂದರು.

ನಾನು ಸುಲಭವೆಂದುಕೊಂಡು ಹೋಗಿದ್ದೆ. ಹನ್ನೊಂದು ಅಪ್ಪಣೆಗೆ ಹನ್ನೊಂದು ಮುಖ ಮಾಡಿಕೊಂಡು ಹೋಗಿದ್ದೆ. ಕನ್ನಡಿಯ ಮುಂದೆ ಅಭ್ಯಾಸವೂ ಆಗಿತ್ತು. ಕಾಶವ್ವ ಸೋಫಾದಲ್ಲಿ ಕಾಲು ಮಡಿಸಿ ಕೂತು ರಾಣಿಯ ಮಾತುಗಳನ್ನು ಪೂರ್ತಿಯಾಗಿ, ಚುಕ್ಕೆಗಳಲ್ಲಿ ಮುಳುಗಿದ್ದನ್ನೆಲ್ಲ ಮೇಲೆತ್ತಿ ಹೇಳಿದರು. ಯಾರೂ ಅವರಿಗೆ ಬರೆದುಕೊಟ್ಟಿರಲಿಲ್ಲ. ಹತ್ತೊಂಬತ್ತು ವರ್ಷ ರಾಣಿಯ ಪಕ್ಕದಲ್ಲಿ ನಿಂತು ಕೇಳಿ ಕೇಳಿಯೇ ಬಂದದ್ದು. ಮಾಲಕರ ಕೀಲಿ ಹಾಕಿದ ಪೆಟ್ಟಿಗೆ ಇವರ ತಲೆಯೊಳಗೆ ಇಷ್ಟು ವರ್ಷ ತೆರೆದೇ ಇತ್ತು.

ನಾನು ಮೂರನೆಯ ಅಪ್ಪಣೆಗೆ ಬರುವಷ್ಟರಲ್ಲಿ ಅವರು ಕೈ ಎತ್ತಿದರು.

"ನೀ ಕೇಳಾಕತ್ತಿಲ್ಲ. ಕೇಳಿದಂಗ ಮಾಡಾಕತ್ತಿ."

"ಕೇಳ್ತಿದೀನಲ್ಲಮ್ಮಾ."

"ಇಲ್ಲ. ನಿನ್ನ ಮಾತು ಯಾವಾಗ ಬರ್ತೈತಿ ಅಂತ ಕಾಯಾಕತ್ತಿ. ಬಸ್ ಸ್ಟ್ಯಾಂಡಿನಾಗ ನಿಂತಾಕಿ ಹಂಗ. ರಾಣಿಗೆ ನಿನ್ನ ಮಾತು ಬ್ಯಾಡ, ನಿನ್ನ ಕಿವಿ ಬೇಕು. ಮಾತಾಡೋದು ಯಾರಿಗೂ ಬರ್ತೈತಿ. ಕೇಳೋದು ಯಾರಿಗೆ ಬರ್ತೈತಿ ಹೇಳು?"

ಆ ದಿನ ಒಂದೂ ಸರಿಯಾಗಲಿಲ್ಲ. ಮರುದಿನ ಸ್ನಾನ ಮಾಡುವಾಗ ನನ್ನ ಅಜ್ಜಿ ನೆನಪಾದಳು. ಅಜ್ಜಿ ಕಥೆ ಹೇಳುವಾಗ ನಾವು ಮಕ್ಕಳು "ಹ್ಞೂಂ" ಅನ್ನುತ್ತಿರಬೇಕಿತ್ತು. ಹ್ಞೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. "ಹ್ಞೂಂ ಅನ್ನದವರಿಗೆ ಹೇಳಿದರೆ ಕಥೆ ದಾರಿ ತಪ್ಪಿ ಬೇರೆ ಮನೆಗೆ ಹೋಗುತ್ತೆ," ಎನ್ನುತ್ತಿದ್ದಳು. ಅಣ್ಣ ನಿದ್ದೆಗಣ್ಣಿನಲ್ಲಿ ಸುಮ್ಮನೆ ಹ್ಞೂಂಗುಟ್ಟಿದರೆ ಅವಳಿಗೆ ಕೂಡಲೇ ಗೊತ್ತಾಗುತ್ತಿತ್ತು. "ರಾಕ್ಷಸ ರಾಜಕುಮಾರಿಗೆ ಬದನೆಕಾಯಿ ಹುಳಿ ಬಡಿಸಿದ," ಎಂದು ಪರೀಕ್ಷೆಗೆ ಸೇರಿಸುತ್ತಿದ್ದಳು. ಅಣ್ಣ ಅದಕ್ಕೂ ಹ್ಞೂಂ. ನಾನು ಮಾತ್ರ ಎಂದೂ ಸಿಕ್ಕಿಬೀಳಲಿಲ್ಲ. ಬಾವಿಗೆ ಒಂದು ಹ್ಞೂಂ, ಹಾವಿಗೆ ಇನ್ನೊಂದು, ಮಲತಾಯಿಗೆ ಮತ್ತೊಂದು. ಆಗ ನಾನು ಕಥೆಯೊಳಗೇ ಇರುತ್ತಿದ್ದೆ. ಹ್ಞೂಂ ಎನ್ನುತ್ತಿದ್ದೇನೆಂಬುದೂ ನನಗೆ ಗೊತ್ತಿರುತ್ತಿರಲಿಲ್ಲ.

ಒದ್ದೆ ತಲೆಯಲ್ಲೇ ಮೇಲಕ್ಕೆ ಓಡಿದೆ. "ಅಮ್ಮಾ, ಇವತ್ತು ನೀವು ನನಗೆ ರಾಣಿ ಪಾರ್ಟು ಹೇಳಬೇಡಿ. ಕಥೆ ಹೇಳಿ, ಅಷ್ಟೇ."

ಅವರಿಗೆ ಏನೆನ್ನಿಸಿತೋ, ಹೇಳಿದರು. ರಾಣಿ ತನ್ನ ಅಳಲನ್ನು ತಾನೇ ಕಥೆ ಮಾಡಿ ಹೇಳಿದ ಹಾಗೆ. ನಾನು ನೆಲದ ಮೇಲೆ ಕೂತು ಕೇಳಿದೆ. ಬಾಲ ಬಂದಾಗ ಹ್ಞೂಂ ಅನ್ನಬೇಕಾದ ಜಾಗದಲ್ಲಿ "ಅಪ್ಪಣೆ, ತಾಯಿ" ಬಂತು. ಐದನೆಯದಾದ ಮೇಲೆ ಕಾಶವ್ವ ನಡುವೆ ನಿಲ್ಲಿಸಿ ನನ್ನನ್ನು ನೋಡಿದರು. ಹೊಗಳಲಿಲ್ಲ. "ಏಳು, ಈಗ ನಿಂತು ಮಾಡು," ಎಂದರು. ಶನಿವಾರದ ಹೊತ್ತಿಗೆ ಅವರು ದನಿ ಇಳಿಸುತ್ತ ಬಂದು, ತುಟಿ ಮಾತ್ರ ಆಡಿಸುತ್ತ ಬಂದು, ಕೊನೆಗೆ ಕಣ್ಣು ಮುಚ್ಚಿ ಸುಮ್ಮನೆ ಕೂತರು. ರಾಣಿ ಮಾತಾಡುತ್ತಲೇ ಇದ್ದಳು.

ಭಾನುವಾರ ಶೈಲಜಾಳ ಕಾರಿನಲ್ಲಿ ನಾವು ಮೂವರೂ ಸರಟೋಗಾಕ್ಕೆ ಹೋದೆವು. ಶೇಷಾದ್ರಿಯವರು ಬಾಗಿಲಲ್ಲೇ ಕೈ ಚಾಚಿ ಸ್ಕ್ರಿಪ್ಟು ತೆಗೆದುಕೊಂಡು, ಕನ್ನಡಕ ಹಾಕಿಕೊಂಡು ನಿಂತೇ ಓದಿದರು. ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿದರು.

"ಉಳಿದಿದ್ದು?"

"ಅಷ್ಟೇ ಸರ್."

"ಒಂದೂವರೆ ಪುಟ ಅಂದ್ರೆ ಮೂರು ನಿಮಿಷ."

"ಹದಿನೈದು ಆಗುತ್ತೆ ಸರ್."

"ಹನ್ನೊಂದು ಸಲ ಅಪ್ಪಣೆ ಅನ್ನೋಕೆ ಹದಿನೈದು ನಿಮಿಷವಾ? ದಾಸಿ ಏನು ಫ್ರೀವೇ ಟ್ರಾಫಿಕ್ಕಲ್ಲಿ ಸಿಕ್ಕಿಹಾಕಿಕೊಂಡಿರ್ತಾಳಾ?"

ಶೈಲಜಾ ನಕ್ಕುಬಿಟ್ಟಳು. ಶೇಷಾದ್ರಿಯವರ ಹೆಂಡತಿ ಮೈಥಿಲಿ ಅಡುಗೆಮನೆಯಿಂದ, "ಮೊದಲು ಮಾಡಕ್ಕೆ ಬಿಡ್ರೀ, ಆಮೇಲೆ ಲೆಕ್ಕ ಹಾಕುವಿರಂತೆ," ಎಂದು ಕೂಗಿದರು.

ಲಿವಿಂಗ್ ರೂಮಿನ ನಡುವೆ ನಿಂತೆ. ಇದು ಹೋದರೆ ಇನ್ನೊಂದು ವರ್ಷ ಹಾಲು ಉಕ್ಕುವುದನ್ನು ಕಾಯಬೇಕು ಎಂದು ಒಂದು ಕ್ಷಣ ಅನ್ನಿಸಿತು. ಕಾಶವ್ವನ ಕಡೆ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ಎದುರಿನ ಖಾಲಿ ಜಾಗವನ್ನು ನೋಡುತ್ತಿದ್ದರು. ನಾನೂ ಅತ್ತ ತಿರುಗಿದೆ. ರಾಣಿ ಆಗಲೇ ಬಂದು ಕೂತಿದ್ದಳು.

ದೀಪ ತಂದೆ, ಬಾಗಿಲು ಹಾಕಿದೆ. ಕೆನ್ನೆಗೆ ಏಟು ಬಿತ್ತು. ಅವಳ ಕೂದಲು ಬಾಚುತ್ತ ಅವಳ ನಗೆಗೆ ನಕ್ಕೆ. ಅವಳು ಬಹಳ ಹೊತ್ತು ಮಾತಾಡಿದಳು, ನಾನು ಕೇಳಿದೆ. ನಡುವೆ ಯಾವಾಗಲೋ ಅಡುಗೆಮನೆಯ ನಲ್ಲಿಯ ಸದ್ದು ನಿಂತಿತು. ಎಂಟನೆಯ ಅಪ್ಪಣೆಗೆ ನನ್ನ ಕೈಗಳ ಮೇಲೆ ಭಾರ ಬಂತು, ಬೆಚ್ಚಗೆ. ಅದನ್ನು ಹೊತ್ತುಕೊಂಡು ಹೋಗಿ, ಬರಿಗೈಯಲ್ಲಿ ಬಂದೆ. "ಮಗು ಅಳಲಿಲ್ಲ, ತಾಯಿ," ಎಂದೆ. ಕುಂಬಾರಕಿಯ ಮನೆಯ ಒಲೆಯ ಬೆಳಕು ನನ್ನೊಬ್ಬಳಿಗೇ ಗೊತ್ತಿತ್ತು. ರಾಣಿ ಇನ್ನೇನೋ ಹೇಳಿದಳು. ಕೊನೆಯ ಅಪ್ಪಣೆ ಹೇಳಿ, ಕಾಶವ್ವ ಕಲಿಸಿದ ಹಾಗೆ ಹಿಂದಕ್ಕೆ ಹೆಜ್ಜೆಯಿಟ್ಟು ಕೋಣೆಯಿಂದ ಹೊರಗೆ ಹೋದೆ. ದಾಸಿ ಚಪ್ಪಾಳೆಗೆ ನಿಲ್ಲಬಾರದು.

ಒಳಗೆ ಬಂದಾಗ ಶೇಷಾದ್ರಿಯವರು ವಾಚು ನೋಡುತ್ತಿದ್ದರು. "ಹದಿನಾಲ್ಕೂವರೆ," ಎಂದರು. ಕೆಮ್ಮಿದರು. "ಚೆನ್ನಾಗಿದೆ. ಬಹಳ ಚೆನ್ನಾಗಿದೆ. ಆದರೆ ಮುನ್ನೂರು ಜನ ಕೂರೋ ಹಾಲ್ ಅದು. ಹಿಂದಿನ ಸಾಲಿನೋರಿಗೆ ಮಾತು ಬೇಕು. ಒಂದು ಕೆಲಸ ಮಾಡಿ, ಆ ರಾಣಿ ಪಾತ್ರಾನೇ ಮಾಡಿಬಿಡಿ. ಮಾತಿದೆ, ಕೋಪ ಇದೆ, ಅಳು ಇದೆ. ರಾಣಿ ಆದರೆ ಇವತ್ತೇ ಹೆಸರು ಬರ್ಕೋತೀನಿ."

ಕಾಶವ್ವ ಮುಂದಕ್ಕೆ ಬಾಗಿ ನನ್ನ ಕೈ ತಟ್ಟಿದರು.

"ಖರೇ ಹೇಳ್ತಾರ ತಂಗಿ. ರಾಣಿ ಮಾಡು. ಅಷ್ಟೂ ಮಾತು ನನಗ ಬಾಯಿಪಾಠ ಐತಿ, ಎರಡು ದಿನದಾಗ ಕಲಿಸ್ತೀನಿ. ದಾಸಿ ಸಲುವಾಗಿ ಸ್ಟೇಜು ಕಳ್ಕೋಬ್ಯಾಡ."

ಅವರು ಅದನ್ನು ಎಷ್ಟು ಸಲೀಸಾಗಿ ಹೇಳಿದರೆಂದರೆ ನನಗೆ ಸಿಟ್ಟೇ ಬಂತು. ಹತ್ತೊಂಬತ್ತು ವರ್ಷ ಆ ಮಾತು ಅಷ್ಟೂ ಬಾಯಲ್ಲಿಟ್ಟುಕೊಂಡು ಒಂದನ್ನೂ ಆಡದೆ ನಿಂತ ಹೆಂಗಸು, ಅದನ್ನು ಸೀರೆ ಕೊಟ್ಟಂತೆ ಎತ್ತಿ ನನಗೆ ಕೊಡುತ್ತಿದ್ದಾಳೆ.

"ಇಲ್ಲ ಸರ್," ಎಂದೆ. ನನ್ನ ದನಿ ಆ ಕೋಣೆಗೆ ಸ್ವಲ್ಪ ಜೋರೇ ಆಯಿತು. "ರಾಣಿ ಮಾತಾಡಿದರೆ ಇವಳು ಕೇಳೋದು ಯಾರಿಗೂ ಕಾಣಲ್ಲ. ಮಾಡಿದರೆ ಇದನ್ನೇ ಮಾಡ್ತೀನಿ. ಆಗಲ್ಲ ಅಂದ್ರೆ ಅಂತ್ಯಾಕ್ಷರಿಗೇ ಕೊಟ್ಟುಬಿಡಿ."

ಶೇಷಾದ್ರಿಯವರು ಹುಬ್ಬೇರಿಸಿದರು. ಶೈಲಜಾ ತಾಯಿಯ ಕಡೆ ನೋಡುತ್ತಿದ್ದಳು, ಇದುವರೆಗೆ ನೋಡಿಯೇ ಇಲ್ಲವೇನೋ ಎಂಬ ಹಾಗೆ. ಆಗ ಮೈಥಿಲಿಯವರು ಕಾಫಿಯ ತಟ್ಟೆ ಹಿಡಿದುಕೊಂಡು ಬಂದರು. ಕಾಫಿ ಆರಿ ಕೆನೆ ಕಟ್ಟಿತ್ತು; ಎಷ್ಟು ಹೊತ್ತಿನಿಂದ ಬಾಗಿಲಲ್ಲಿ ನಿಂತಿದ್ದರೋ.

"ಅಲ್ಲಾ ಸಂಯುಕ್ತಾ, ನೀವು ಮಗೂನ ಎತ್ತಿಕೊಂಡಾಗ ಆ ರಾಣಿ ತೊಟ್ಟಿಲು ಹಿಡ್ಕೊಂಡವಳು ಬಿಡಲೇ ಇಲ್ವಲ್ಲ. ಬೇಡ ಅಂದವಳು ಯಾಕೆ ಹಿಡ್ಕೊಂಡಿದ್ದಳು?"

ನಾನು ಬೆಪ್ಪಾದೆ. ಸ್ಕ್ರಿಪ್ಟಿನಲ್ಲಿ ತೊಟ್ಟಿಲು ಎಂಬ ಪದವೇ ಇರಲಿಲ್ಲ.

"ಯಾವ ತೊಟ್ಟಿಲೇ?" ಎಂದರು ಶೇಷಾದ್ರಿಯವರು.

"ಅಲ್ಲೇ ಇತ್ತಲ್ರೀ, ಟೀವಿ ಪಕ್ಕ."

"ಟೀವಿ ಪಕ್ಕ ಹೇಗಿರುತ್ತೆ? ಅಲ್ಲಿ ರಾಣಿ ಕೂತಿದ್ದಳು. ತೊಟ್ಟಿಲು ಇದ್ದದ್ದು ಕಿಟಕಿ ಹತ್ರ…"

ಮಾತು ಅರ್ಧಕ್ಕೆ ನಿಂತಿತು. ಅವರು ಕಿಟಕಿಯ ಕಡೆ ನೋಡಿದರು. ಅಲ್ಲಿ ಒಂದು ಕುಂಡದ ಗಿಡ ಇತ್ತು. ಕಾಶವ್ವ ಬಾಯಿಗೆ ಸೆರಗು ಹಿಡಿದುಕೊಂಡರು.

ಶೇಷಾದ್ರಿಯವರು ನಿಧಾನವಾಗಿ ಎದ್ದು ಹೋಗಿ ಮೇಜಿನಿಂದ ಒಂದು ಫಾರಂ ತಂದು, ಪೆನ್ನಿನ ಮುಚ್ಚಳ ತೆಗೆದರು. "ರಚನೆ ಯಾರದ್ದು ಅಂತ ಬರೀಲಿ?"

"ಕಾಶವ್ವ," ಎಂದೆ.

"ನಾ ಎಲ್ಲಿ ಬರದೀನವ್ವಾ? ಬಾಲ ನಕಲು ಮಾಡೀನಷ್ಟ!"

"ಕಾಶವ್ವ ಅಂತ್ಲೇ ಬರೀರಿ ಅಂಕಲ್," ಎಂದಳು ಶೈಲಜಾ. ಆ ಮನೆಗೆ ಬಂದ ಮೇಲೆ ಅವಳು ಮಾತಾಡಿದ್ದು ಅದೇ ಮೊದಲು.

ಅವರು ಬರೆದರು. ಮುಂದಿನ ಸಾಲಿನಲ್ಲಿ 'ಪಾತ್ರಗಳ ಸಂಖ್ಯೆ' ಎಂದಿತ್ತು. 'ಒಂದು' ಎಂದು ಬರೆಯಲು ಹೊರಟರು.

"ಎರಡು ಹಾಕಿ," ಎಂದರು ಮೈಥಿಲಿ, ಅವರ ಹೆಗಲ ಮೇಲಿಂದ ಬಗ್ಗಿ.

"ಏಕಪಾತ್ರ ಅಂದಮೇಲೆ ಎರಡು ಹೇಗೆ ಹಾಕಲಿ ಮಾರಾಯ್ತೀ?"

"ರಾಣಿ ಕೂತ ಜಾಗ ತೋರಿಸಿದವರು ನೀವೇ ಅಲ್ವಾ?"

ಕಾಶವ್ವ ಆರಿದ ಕಾಫಿಯನ್ನು ಕಪ್ಪಿನ ಕೆಳಗಿನ ಬಸಿಗೆ ಸುರಿದುಕೊಂಡು ಒಂದು ಗುಟುಕು ಕುಡಿದರು.

"ಮೂರು ಬರೀರಿ ಸಾಹೇಬ್ರ," ಎಂದರು. "ಕೂಸಿನ್ನ ಎಣಿಸಲೇ ಇಲ್ಲಲ್ಲ ನೀವು."

ಶೇಷಾದ್ರಿಯವರು ಪೆನ್ನನ್ನು ಒಮ್ಮೆ, ನಮ್ಮೆಲ್ಲರನ್ನೂ ಒಮ್ಮೆ ನೋಡಿದರು. ಆಮೇಲೆ ಅಂದವಾದ ಅಕ್ಷರದಲ್ಲಿ 'ಮೂರು' ಎಂದು ಬರೆದು, ನಿಯಮ ತಪ್ಪಬಾರದಲ್ಲ, ಪಕ್ಕದಲ್ಲಿ ಸಣ್ಣದಾಗಿ ಸೇರಿಸಿದರು: 'ಮೈಕು ಒಂದು ಸಾಕು.'